ಬೇರೆ ರಾಜ್ಯಕ್ಕೆ ಟರ್ಕಿ ಶಿಕಾರಿ: ಕೋವಿ ಆಮೇಲೆ, ಮೊದಲು ಕಾಗದ

ಪ್ರಶ್ನೆ: ಸರ್, ನಮ್ಮೂರು ಮಡಿಕೇರಿ ಹತ್ತಿರ. ಆರು ವರ್ಷದಿಂದ ಓಹಾಯೋದ ಕೊಲಂಬಸ್‌ನಲ್ಲಿದ್ದೇನೆ, ಎಚ್-1ಬಿ ವೀಸಾ. ಎರಡು ವರ್ಷದ ಹಿಂದೆ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ, ಲೈಸೆನ್ಸ್ ತಗೊಂಡು, ಒಂದು 12 ಗೇಜ್ ಕೋವಿ ಕೊಂಡೆ. ಎರಡು ವಸಂತ ಟರ್ಕಿ (ಕೋಳಿ ಜಾತಿಯ ದೊಡ್ಡ ಕಾಡುಹಕ್ಕಿ) ಶಿಕಾರಿಗೆ ಹೋಗಿದ್ದೇನೆ. ಸಿಕ್ಕಿದ್ದು ಒಂದೇ, ಅದೂ ಎಳೇ ಹುಂಜ. ಈಗ ಆಫೀಸಿನ ಗೆಳೆಯ ಮೇ ಮೊದಲ ವಾರ ಸೌತ್ ಡಕೋಟಾದ ಬ್ಲ್ಯಾಕ್ ಹಿಲ್ಸ್‌ಗೆ ಐದು ದಿನ ಹೋಗೋಣ ಅಂತಿದ್ದಾನೆ, ಗೈಡ್ ಇಲ್ಲದೆ. ಅಲ್ಲಿನ ಟರ್ಕಿ ದಡ್ಡ, ಸುಲಭವಾಗಿ ಬರುತ್ತೆ ಅಂತಾನೆ. ನನ್ನ ಹೆಂಡತಿಗೆ ಭಯ: ವೀಸಾದಲ್ಲಿರೋರು ಕೋವಿ ಹಿಡಿದು ರಾಜ್ಯ ದಾಟಿದರೆ ಗಡೀಪಾರು ಮಾಡ್ತಾರೆ ಅಂತ ಯಾರೋ ಹೇಳಿದ್ದಾರೆ. ವಿಮಾನವೋ ಕಾರೋ? ಸಾವಿರದೈನೂರು ಡಾಲರ್ ಸಾಮಾನಿನ ಪಟ್ಟಿ ಮಾಡಿದ್ದೇನೆ, ಇನ್ನೇನು ಬೇಕು?

ಉತ್ತರ: ಪಟ್ಟಿ ನೋಡಿದೆ. ಅರ್ಧಕ್ಕರ್ಧ ಹೊಡೆದುಹಾಕಬಹುದು, ಅದಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಹೇಳಿರೋದು ನಿಮ್ಮ ಹೆಂಡತಿ. ಅವರಿಗೆ ಯಾರೋ ಹೇಳಿದ್ದು ಪೂರ್ತಿ ಸರಿಯಲ್ಲ, ಆದರೆ ಸುಮ್ನೆ ಹೆದರಿಸಿದ್ದೂ ಅಲ್ಲ.

ನಾನು ಇಪ್ಪತ್ತು ವರ್ಷದಿಂದ ವಿಸ್ಕಾನ್ಸಿನ್‌ನಲ್ಲಿ ಶಿಕಾರಿ ಮಾಡುತ್ತಿದ್ದೇನೆ, ಹಂಟರ್ ಎಜುಕೇಶನ್ ಪಾಠವನ್ನೂ ಹೇಳಿಕೊಡುತ್ತೇನೆ. ತರಗತಿಗೆ ಬರೋ ನಮ್ಮ ದೇಶದ ಹುಡುಗರು ಎಲ್ಲರೂ ಕೇಳೋದು ಚೋಕ್ (ಕೋವಿ ನಳಿಗೆಯ ತುದಿಗೆ ಹಾಕೋ ಬಿಗಿ) ಯಾವುದು, ಕಾಲ್ (ಹಕ್ಕಿಯ ಕೂಗು ಹೊರಡಿಸೋ ಸಾಧನ) ಯಾವುದು, ಬಟ್ಟೆ ಯಾವುದು. ವೀಸಾ ಬಗ್ಗೆ ಕೇಳೋರು ಹತ್ತರಲ್ಲಿ ಒಬ್ಬರೂ ಇಲ್ಲ.

ಕಾನೂನು ಹೀಗಿದೆ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ನಾನ್-ಇಮಿಗ್ರಂಟ್ (ತಾತ್ಕಾಲಿಕ) ವೀಸಾದಲ್ಲಿ ಬಂದವರು, ಅಂದರೆ ಎಚ್-1ಬಿ (ಕೆಲಸದವರು), ಎಚ್-4 (ಅವರ ಕುಟುಂಬದವರು), ಎಫ್-1 (ವಿದ್ಯಾರ್ಥಿಗಳು), ಬಿ-2 (ಪ್ರವಾಸಿಗಳು) ಇಂಥವರೆಲ್ಲ, ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಕೊಳ್ಳೋದು ಮಾತ್ರ ಅಲ್ಲ, ಗೆಳೆಯನ ಕೋವಿ ಕೈಗೆ ತಗೊಂಡರೂ ಅದೇ ಲೆಕ್ಕ. ಇದಕ್ಕೆ ಕೆಲವು ವಿನಾಯಿತಿಗಳಿವೆ, ನಮ್ಮಂಥವರಿಗೆ ಉಪಯೋಗಕ್ಕೆ ಬರೋದು ಒಂದೇ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಶಿಕಾರಿ ಲೈಸೆನ್ಸ್ ನಿಮ್ಮ ಹತ್ತಿರ ಇರಬೇಕು. ಅದಿದ್ದರೆ ನಿಷೇಧ ನಿಮಗೆ ತಾಗುವುದಿಲ್ಲ. ಗ್ರೀನ್ ಕಾರ್ಡ್ ಇರೋರಿಗೆ ಈ ತಲೆನೋವೇ ಇಲ್ಲ.

ಈಗ ನಿಮಗೊಂದು ಪ್ರಶ್ನೆ. ಹೋದ ವರ್ಷದ ಲೈಸೆನ್ಸ್ ಯಾವ ದಿನ ಮುಗಿಯಿತು, ಹೊಸದನ್ನು ಯಾವ ದಿನ ತಗೊಂಡಿರಿ? ಮಧ್ಯದಲ್ಲಿ ಗ್ಯಾಪ್ ಇದ್ದಿದ್ದರೆ ಆ ದಿನಗಳಲ್ಲಿ ಕೋವಿ ಎಲ್ಲಿತ್ತು? ನಮ್ಮ ಜನ ಎಡವೋದು ಇಲ್ಲೇ. ಸೀಸನ್ ಮುಗಿಯಿತು, ಲೈಸೆನ್ಸ್ ಯಾಕೆ ಅಂತ ಬಿಟ್ಟುಬಿಡುತ್ತಾರೆ, ಕೋವಿ ಮಾತ್ರ ಬೀರುವಿನಲ್ಲಿ ಇರುತ್ತೆ. ಕೋವಿ ಮನೆಯಲ್ಲಿ ಇರೋವಷ್ಟು ದಿನವೂ ಲೈಸೆನ್ಸ್ ಜೀವಂತವಾಗಿರಬೇಕು, ಶಿಕಾರಿಗೆ ಹೋದರೂ ಸರಿ, ಹೋಗದಿದ್ದರೂ ಸರಿ. ಕೆಲವು ರಾಜ್ಯಗಳಲ್ಲಿ ಕೊಂಡ ದಿನದಿಂದ ಒಂದು ವರ್ಷ, ಕೆಲವು ಕಡೆ ಫೆಬ್ರವರಿ ಅಥವಾ ಮಾರ್ಚ್ ಕೊನೆಗೆ ಎಲ್ಲರದ್ದೂ ಮುಗಿಯುತ್ತೆ. ಫೋನಿನಲ್ಲಿ ರಿಮೈಂಡರ್ ಹಾಕಿಕೊಳ್ಳಿ. 2022ರಲ್ಲಿ ಆದ ಬದಲಾವಣೆಯ ನಂತರ ಈ ತಪ್ಪಿಗೆ ಗರಿಷ್ಠ ಶಿಕ್ಷೆ 15 ವರ್ಷ. ಕೋವಿ ಪ್ರಕರಣ ಗಡೀಪಾರಿಗೂ ಕಾರಣ ಆಗಬಹುದು. ಹಾಗಾಗಿ ನಿಮ್ಮ ಹೆಂಡತಿ ಹೆದರಿದ್ದು ಸುಮ್ನೆ ಅಲ್ಲ.

ಇನ್ನೊಂದು ಸೂಕ್ಷ್ಮ. ಅವರು ಎಚ್-4ನಲ್ಲಿದ್ದು ಅವರಿಗೆ ಲೈಸೆನ್ಸ್ ಇಲ್ಲ ಅಂದರೆ, ಕೋವಿ ಪೆಟ್ಟಿಗೆಯ ಕೀಲಿ ನಿಮ್ಮ ಹತ್ತಿರ ಮಾತ್ರ ಇರಲಿ. ಅವರ ಕೈಗೂ ಎಟುಕುತ್ತೆ ಅಂದರೆ ಅದು ಅವರ ಸ್ವಾಧೀನದಲ್ಲೂ ಇತ್ತು ಅಂತ ಯಾರಾದರೂ ವಾದ ಮಾಡಬಹುದು. ಗ್ರೀನ್ ಕಾರ್ಡ್ ಅರ್ಜಿ ಹಾಕಿ ಕಾಯುತ್ತಿದ್ದರೆ, ವೀಸಾ ಬದಲಾವಣೆ ನಡೀತಿದ್ದರೆ, ನನ್ನ ಮಾತಿನ ಮೇಲೆ ಹೋಗಬೇಡಿ. ಇಮಿಗ್ರೇಶನ್ ವಕೀಲರಿಗೆ ಒಂದು ಗಂಟೆಯ ಫೀಸು ಕೊಟ್ಟು ಲಿಖಿತವಾಗಿ ಕೇಳಿಕೊಳ್ಳಿ. ಸಾವಿರದೈನೂರು ಡಾಲರಿನ ಪಟ್ಟಿಯಲ್ಲಿ ಅದೇ ಮೊದಲನೇ ಸಾಲು ಆಗಲಿ.

ಕೊಡಗಿನವರು ಅಂತ ಹೇಳಿದ್ದಕ್ಕೆ ಒಂದು ಮಾತು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೂ ಭಾರತದಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ. ಮನೆಯಲ್ಲಿ ಅಜ್ಜನ ಕೋವಿ ನೋಡುತ್ತಾ, ಕೈಲ್‌ಪೊಳ್ದ್ ಆಯುಧಪೂಜೆ ಹಬ್ಬದಲ್ಲಿ ಅದಕ್ಕೆ ಹೂವಿಡುತ್ತಾ ಬೆಳೆದವರಿಗೆ ಕೋವಿ ಅಂದರೆ ಮನೆ ಸಾಮಾನು. ಆ ಸಲಿಗೆ ಇಲ್ಲಿ ಬೇಡ. ಇನ್ನು ಶಿಕಾರಿ ವಿಷಯದಲ್ಲಿ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬಾಗಿಲು ಮುಚ್ಚಿತು. ಇಲ್ಲಿ ಬಾಗಿಲು ತೆರೆದಿದೆ, ಆದರೆ ಪ್ರತಿ ರಾಜ್ಯವೂ ಬೇರೆ ಬೇರೆ ಬೀಗ ಹಾಕಿಕೊಂಡಿದೆ.

ಅದಕ್ಕೆ ನನ್ನದೇ ಉದಾಹರಣೆ. ನನ್ನ ಮೊದಲ ಹೊರರಾಜ್ಯದ ಟ್ರಿಪ್ ಮಿಸೌರಿಗೆ. ರಾತ್ರಿಯೆಲ್ಲಾ ಒಂಬತ್ತು ಗಂಟೆ ಕಾರು ಓಡಿಸಿ, ಬೆಳಿಗ್ಗೆ ಮೋಟೆಲ್‌ನಲ್ಲಿ ಮಲಗಿ, ಆರಾಮಾಗಿ ಹನ್ನೆರಡೂವರೆಗೆ ಕಾಡಿಗೆ ಹೋದೆ. ಮಧ್ಯಾಹ್ನ ಒಂದು ದಾಟಿದ ಮೇಲೆ ಗುಡ್ಡದಾಚೆಯಿಂದ ಒಂದು ಹುಂಜ ಎಂಥ ಕೂಗು ಕೂಗಿತು ಅಂತೀರಿ. ಖುಷಿಯಿಂದ ಕುಳಿತು ಕರೆಯೋಕೆ ಶುರು ಮಾಡೋ ಮೊದಲು, ಯಾಕೋ ನಿಯಮದ ಪುಸ್ತಕ ತೆಗೆದು ನೋಡಿದೆ. ಮಿಸೌರಿಯಲ್ಲಿ ಆಗ ವಸಂತದ ಶಿಕಾರಿ ಮಧ್ಯಾಹ್ನ ಒಂದು ಗಂಟೆಗೆ ಬಂದ್. ಕೋವಿ ಖಾಲಿ ಮಾಡಿ, ಆ ಕೂಗು ಕೇಳುತ್ತಾ ಕಾರಿಗೆ ವಾಪಸ್ ನಡೆದೆ. ಹುಂಜ ಬೇಕು ಅಂತಲೇ ಕೂಗುತ್ತಿತ್ತು ಅಂತ ಈಗಲೂ ನನಗೆ ಅನುಮಾನ.

ಹಾಗಾಗಿ ಸೌತ್ ಡಕೋಟಾದ ಈ ವರ್ಷದ ಟರ್ಕಿ ನಿಯಮ ಪುಸ್ತಕವನ್ನು ಡೌನ್‌ಲೋಡ್ ಮಾಡಿ, ಇಬ್ಬರೂ ಕೂತು ಪೂರ್ತಿ ಓದಿ. ಹೋದ ವರ್ಷದ್ದಲ್ಲ. ಹಲವು ಕಡೆ ಟರ್ಕಿ ಸಂಖ್ಯೆ ಕುಸಿದಿದೆ, ಕಾನ್ಸಸ್, ನೆಬ್ರಾಸ್ಕಾದಂಥ ರಾಜ್ಯಗಳು ಈಚೆಗೆ ಹೊರಗಿನವರಿಗೆ ಪರ್ಮಿಟ್ ಬಿಗಿ ಮಾಡಿವೆ. ಬ್ಲ್ಯಾಕ್ ಹಿಲ್ಸ್ ಲೈಸೆನ್ಸ್ ಹೊರಗಿನವರಿಗೂ ತುಂಬಾ ವರ್ಷ ಸುಲಭವಾಗಿ ಸಿಗುತ್ತಿತ್ತು, ಈ ವರ್ಷ ಹೇಗೆ ಅಂತ ಪುಸ್ತಕದಲ್ಲೇ ನೋಡಿಕೊಳ್ಳಿ. ಲೈಸೆನ್ಸ್ ಜೊತೆ ಹ್ಯಾಬಿಟಾಟ್ ಸ್ಟ್ಯಾಂಪ್ (ವನ್ಯಜೀವಿಗಳ ನೆಲೆಗಾಗಿ ಕಟ್ಟೋ ಶುಲ್ಕ) ಬೇಕು. ಒಂದು ಎಚ್ಚರ: ಕಸ್ಟರ್ ಸ್ಟೇಟ್ ಪಾರ್ಕ್ ಅದೇ ಬೆಟ್ಟಗಳ ನಡುವೆ ಇದ್ದರೂ ಬ್ಲ್ಯಾಕ್ ಹಿಲ್ಸ್ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ. ಪೈನ್ ರಿಡ್ಜ್‌ನಂಥ ಬುಡಕಟ್ಟು ಮೀಸಲು ಪ್ರದೇಶದಲ್ಲೂ ಅಷ್ಟೇ, ಅಲ್ಲಿ ಅವರದ್ದೇ ಪರ್ಮಿಟ್. ಹಂಟರ್ ಎಜುಕೇಶನ್ ಕಾರ್ಡ್ ಒಂದು ರಾಜ್ಯದ್ದು ಎಲ್ಲಾ ರಾಜ್ಯಗಳಲ್ಲೂ ನಡೆಯುತ್ತೆ, ಓಹಾಯೋದ್ದೇ ಸಾಕು, ಆದರೆ ಜೊತೆಗಿರಲಿ.

ಕಾರೋ ವಿಮಾನವೋ? ನಾನಾದರೆ ಕಾರು. ಕೊಲಂಬಸ್‌ನಿಂದ ಬ್ಲ್ಯಾಕ್ ಹಿಲ್ಸ್ ಪಕ್ಕದ ರ‍್ಯಾಪಿಡ್ ಸಿಟಿಗೆ ಸುಮಾರು 1,250 ಮೈಲಿ, ಎರಡು ದಿನದ ದಾರಿ. ಐದು ದಿನದ ರಜೆಯಲ್ಲಿ ಅದು ಭಾರ ಅನ್ನಿಸಿದರೆ ವಿಮಾನ. ಕಾರಿನಲ್ಲಿ ಹೋದರೆ ಮಧ್ಯೆ ಬರೋ ರಾಜ್ಯಗಳಿಗೂ ಅವುಗಳದ್ದೇ ಕಾನೂನು ಇದೆ, ಇಲಿನಾಯ್ ಸ್ವಲ್ಪ ಕಟ್ಟುನಿಟ್ಟು. ಹೊರಟ ಜಾಗದಲ್ಲೂ ತಲುಪುವ ಜಾಗದಲ್ಲೂ ನಿಮ್ಮ ಕೋವಿ ಕಾನೂನುಬದ್ಧವಾಗಿದ್ದರೆ ಮಧ್ಯದ ರಾಜ್ಯ ದಾಟಿ ಹೋಗೋಕೆ ಫೆಡರಲ್ ರಕ್ಷಣೆ ಇದೆ. ಷರತ್ತು: ಕೋವಿ ಖಾಲಿ ಇರಬೇಕು, ಕೋವಿ ತೋಟಾ ಎರಡೂ ಕುಳಿತವರ ಕೈಗೆ ಎಟುಕದ ಕಡೆ ಇರಬೇಕು. ಡಿಕ್ಕಿಯಲ್ಲಿ, ಗಟ್ಟಿ ಪೆಟ್ಟಿಗೆಯಲ್ಲಿ, ಬೀಗ ಹಾಕಿ. ಎಸ್‌ಯುವಿಗೆ ಪ್ರತ್ಯೇಕ ಡಿಕ್ಕಿ ಇರಲ್ಲ ಅಲ್ವಾ, ಅದಕ್ಕೇ ಬೀಗದ ಪೆಟ್ಟಿಗೆ ಬೇಕೇ ಬೇಕು. ದಾಟಿ ಹೋಗಿ ಅಂದರೆ ದಾಟಿ ಹೋಗಿ, ಶಿಕಾಗೋದಲ್ಲಿ ಸ್ನೇಹಿತರ ಮನೆಯಲ್ಲಿ ಎರಡು ದಿನ ಇದ್ದು ಹೋಗೋ ಪ್ಲಾನ್ ಬೇಡ.

ವಿಮಾನದಲ್ಲಾದರೆ ಖಾಲಿ ಕೋವಿ, ಗಟ್ಟಿ ಪೆಟ್ಟಿಗೆ, ಬೀಗ, ಚೆಕ್-ಇನ್ ಲಗೇಜ್ ಮಾತ್ರ. ಕೌಂಟರಿನಲ್ಲಿ "ಕೋವಿ ಇದೆ" ಅಂತ ನೀವೇ ಬಾಯಿಬಿಟ್ಟು ಹೇಳಬೇಕು. ತೋಟಾ ಅದರದ್ದೇ ಡಬ್ಬಿಯಲ್ಲಿರಲಿ, ಸಾಮಾನ್ಯವಾಗಿ 5 ಕಿಲೋವರೆಗೆ ಬಿಡುತ್ತಾರೆ. ನ್ಯೂಯಾರ್ಕ್ ಅಥವಾ ನ್ಯೂಜೆರ್ಸಿ ಮೂಲಕ ಹೋಗೋ ಟಿಕೆಟ್ ಎಷ್ಟೇ ಅಗ್ಗವಾಗಿದ್ದರೂ ಬೇಡ. ಫ್ಲೈಟ್ ರದ್ದಾಗಿ ರಾತ್ರಿ ಉಳಿಯಬೇಕಾಗಿ ಬಂದು, ಕೋವಿ ಪೆಟ್ಟಿಗೆ ನಿಮ್ಮ ಕೈಗೆ ವಾಪಸ್ ಬಂತು ಅಂದುಕೊಳ್ಳಿ. ಮತ್ತೆ ಕೌಂಟರಿಗೆ ಹೋದಾಗ ಆ ರಾಜ್ಯದ ಬಿಗಿ ಕೋವಿ ಕಾನೂನಿಗೆ ಸಿಕ್ಕಿಬೀಳೋದು ಅಲ್ಲಿ.

ಸರಿ, ಈಗ ಹಕ್ಕಿ.

ಬ್ಲ್ಯಾಕ್ ಹಿಲ್ಸ್‌ನಲ್ಲಿರೋದು ಮೆರಿಯಮ್ಸ್ ಅನ್ನೋ ಉಪಜಾತಿಯ ಟರ್ಕಿ. ಓಹಾಯೋದಲ್ಲಿ ನೀವು ನೋಡಿದ್ದು ಈಸ್ಟರ್ನ್. ಮೆರಿಯಮ್ಸ್ ಬಾಲದ ತುದಿ ಬಿಳಿ, ಕಲ್ಲುನೆಲದಲ್ಲಿ ಓಡಾಡಿ ಕಾಲಿನ ಮುಳ್ಳು ಸವೆದು ಗಿಡ್ಡ. ಕೂಗು ಸ್ವಲ್ಪ ಮೆತ್ತಗೆ, ಹಾಗಾಗಿ ದೂರ ಇದೆ ಅಂದುಕೊಂಡ ಹುಂಜ ಹತ್ತಿರವೇ ಇರಬಹುದು. ಇದು ಅಲ್ಲಿನ ಮೂಲ ಹಕ್ಕಿಯೂ ಅಲ್ಲ, 1948ರಿಂದ ನ್ಯೂ ಮೆಕ್ಸಿಕೋ, ಕೊಲರಾಡೋ ಕಡೆಯಿಂದ ತಂದು ಬಿಟ್ಟಿದ್ದು. ಅಮೆರಿಕದ ಟರ್ಕಿ ಕತೆಯೇ ಹೀಗೆ. ನಮ್ಮ ವಿಸ್ಕಾನ್ಸಿನ್‌ನಲ್ಲಿ ಒಂದೂ ಉಳಿದಿರಲಿಲ್ಲ, 1976ರಲ್ಲಿ ಮಿಸೌರಿಯಿಂದ 29 ಟರ್ಕಿ ತರಿಸಿ ವರ್ನನ್ ಕೌಂಟಿಯಲ್ಲಿ ಬಿಟ್ಟರು. ಬದಲಿಗೆ ನಮ್ಮ ಕಡೆಯಿಂದ ಗ್ರೌಸ್ ಹಕ್ಕಿ ಕೊಟ್ಟರು. ಕೊಡು-ಕೊಳ್ಳುವ ಲೆಕ್ಕದಲ್ಲಿ ಬಂದ ಹಕ್ಕಿ ಈಗ ನಮ್ಮ ಹಿತ್ತಲಿನಲ್ಲಿ ಓಡಾಡುತ್ತೆ. ಇಂಥ ಕೆಲಸಗಳಿಗೆ ದುಡ್ಡು ಬರೋದು ಲೈಸೆನ್ಸ್ ಶುಲ್ಕದಿಂದ, ಮತ್ತೆ 1937ರ ಕಾನೂನಿನ ಪ್ರಕಾರ ಕೋವಿ ತೋಟಾಗಳ ಮೇಲೆ ಹಾಕೋ ತೆರಿಗೆಯಿಂದ. ಹಾಗಾಗಿ ಹೊರರಾಜ್ಯದ ಲೈಸೆನ್ಸ್ ದುಬಾರಿ ಅಂತ ಗೊಣಗೋರ ಜೊತೆ ನಾನು ಸೇರೋದಿಲ್ಲ.

ದಡ್ಡ ಹಕ್ಕಿ ಅನ್ನೋ ಮಾತು? ಮೆರಿಯಮ್ಸ್ ಕರೆಗೆ ಸ್ವಲ್ಪ ಬೇಗ ಬರುತ್ತೆ ಅನ್ನೋದು ನನ್ನ ಅನುಭವವೂ ಹೌದು. ಆದರೆ ಅದನ್ನು ಹುಡುಕೋದೇ ಕಷ್ಟ. ಚಳಿಗಾಲದಲ್ಲಿ ತಗ್ಗಿನ ರ‍್ಯಾಂಚ್‌ಗಳ ಹತ್ತಿರ ಇದ್ದು, ಹಿಮ ಕರಗಿದ ಹಾಗೆ ಬೆಟ್ಟ ಹತ್ತುತ್ತಾ ಹೋಗುತ್ತೆ. ನಿನ್ನೆ ಸಂಜೆ ಇದ್ದ ಕಣಿವೆಯಲ್ಲಿ ನಾಳೆ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಓಹಾಯೋದಲ್ಲಿ ಒಂದು ಮರಕ್ಕೆ ಒರಗಿ ನಾಲ್ಕು ಗಂಟೆ ಕೂತು ಗೆಲ್ಲಬಹುದು, ಇಲ್ಲಿ ಮೊದಲು ನಡೆಯಬೇಕು, ಆಮೇಲೆ ಕೂರಬೇಕು. ಈಗಿನಿಂದಲೇ ಬೆನ್ನಿಗೆ ಚೀಲ ಹಾಕಿಕೊಂಡು ವಾರಕ್ಕೆ ಮೂರು ದಿನ ಏರು ಇರೋ ಕಡೆ ನಡೆಯಿರಿ, ಅಲ್ಲಿ ಹಾಕೋ ಬೂಟಿನಲ್ಲೇ. ಹೊಸ ಬೂಟು ಹಾಕಿಕೊಂಡು ಮೊದಲ ದಿನವೇ ಹಿಮ್ಮಡಿ ಕಿತ್ತುಕೊಂಡು ಮೋಟೆಲ್‌ನಲ್ಲಿ ಕೂತವರನ್ನ ತುಂಬಾ ಜನ ನೋಡಿದ್ದೇನೆ.

ಗೈಡ್ ಬೇಕಾ? ಬೇಡ. ಆದರೆ ಮೊದಲ ಬೆಳಿಗ್ಗೆಯೇ ಕೋವಿ ಹಿಡಿದು ನುಗ್ಗೋ ಬದಲು ಒಂದು ಸಂಜೆ ಮುಂಚೆ ತಲುಪಿ. ಕತ್ತಲಾಗೋ ಹೊತ್ತಿಗೆ ಟರ್ಕಿ ದೊಡ್ಡ ಪಾಂಡರೋಸಾ ಪೈನ್ ಮರಗಳಿಗೆ ಹಾರಿ ಕೂರುತ್ತೆ. ಮಣ್ಣುರಸ್ತೆಯಲ್ಲಿ ಅಲ್ಲಲ್ಲಿ ಕಾರು ನಿಲ್ಲಿಸಿ, ಗೂಬೆಯ ಕೂಗು ಕೂಗಿ, ಕಿವಿಗೊಟ್ಟು ನಿಲ್ಲಿ. ಹುಂಜ ತಡೆಯಲಾರದೆ ಉತ್ತರ ಕೊಡುತ್ತೆ. ಅಂಥ ಎರಡು ಮೂರು ಮರ ಗೊತ್ತಾದರೆ ಬೆಳಿಗ್ಗೆಗೆ ಕೆಲಸ ಇದೆ ಅಂತ. ಅಲ್ಲಿ ಮೌಂಟನ್ ಟೈಮ್, ನಿಮಗಿಂತ ಎರಡು ಗಂಟೆ ಹಿಂದೆ. ಮೇ ಮೊದಲ ವಾರ ಸೂರ್ಯ ಹುಟ್ಟೋದು ಸುಮಾರು 5:40ಕ್ಕೆ. ಅದಕ್ಕೆ ಒಂದು ಗಂಟೆ ಮುಂಚೆ ನೀವು ಮರದ ಬುಡದಲ್ಲಿರಬೇಕು.

ಇನ್ನು ನೆಲ. ಬ್ಲ್ಯಾಕ್ ಹಿಲ್ಸ್ ನ್ಯಾಷನಲ್ ಫಾರೆಸ್ಟ್ ಹತ್ತಿರ ಹತ್ತಿರ 12 ಲಕ್ಷ ಎಕರೆ, ಸಾರ್ವಜನಿಕರದ್ದು. ಆದರೆ ಹಳೇ ಗಣಿ ಕಾಲದಿಂದ ಕಾಡಿನ ನಡುನಡುವೆ ಖಾಸಗಿ ತುಂಡುಗಳು ಸಿಕ್ಕಿಹಾಕಿಕೊಂಡಿವೆ. ಬೇಲಿ ಇಲ್ಲ ಅಂದರೆ ಸರ್ಕಾರಿ ಜಾಗ ಅಂತ ಅರ್ಥ ಅಲ್ಲ. ಆನ್ಎಕ್ಸ್‌ನಂಥ ಆ್ಯಪ್‌ನಲ್ಲಿ ಗಡಿ ಕಾಣುತ್ತೆ, ಕಣಿವೆಗಳಲ್ಲಿ ಸಿಗ್ನಲ್ ಸಿಗಲ್ಲ, ಮನೆಯಲ್ಲೇ ಮ್ಯಾಪ್ ಇಳಿಸಿಕೊಂಡು ಹೋಗಿ. ಖಾಸಗಿ ಜಾಗಕ್ಕೆ ಅನುಮತಿ ಬೇಕೇ ಬೇಕು, ಮತ್ತೆ ವೀಸಾದಲ್ಲಿರೋರಿಗೆ ಸಣ್ಣ ಅತಿಕ್ರಮಣದ ಕೇಸೂ ಸಣ್ಣದಲ್ಲ.

ಬೆಳಿಗ್ಗೆ ಮರದಿಂದ ಇಳಿದ ಹುಂಜ ಹೇಂಟೆಗಳ ಹಿಂದೆ ಹೋಗಿಬಿಡುತ್ತೆ, ನಿಮ್ಮ ಕರೆ ಕೇಳೋದೇ ಇಲ್ಲ. ಹೊಸಬರು ಎಂಟು ಗಂಟೆಗೆ ಬೇಜಾರಾಗಿ ಟಿಫನ್‌ಗೆ ಹೋಗೋದು ಆಗಲೇ. ಹೋಗಬೇಡಿ. ಸಹಜವಾಗಿ ಹೇಂಟೆಯೇ ಹುಂಜದ ಕಡೆ ಹೋಗಬೇಕು, ನಾವು ಹೇಂಟೆ ಥರ ಕೂಗಿ ಹುಂಜವನ್ನು ಬಾ ಅನ್ನುತ್ತಿದ್ದೇವೆ, ಅಂದರೆ ಪ್ರಕೃತಿಗೆ ಉಲ್ಟಾ. ಪಕ್ಕದಲ್ಲೇ ನಿಜವಾದ ಹೇಂಟೆ ಇರುವಾಗ ಅದು ಯಾಕೆ ಬರುತ್ತೆ? ಒಂಬತ್ತು, ಹತ್ತರ ಮೇಲೆ ಹೇಂಟೆಗಳು ಮೊಟ್ಟೆ ಇಡೋಕೆ ಗೂಡಿನ ಕಡೆ ಜಾರಿಕೊಳ್ಳುತ್ತವೆ, ಹುಂಜ ಒಂಟಿಯಾಗುತ್ತೆ. ಒಂಬತ್ತರಿಂದ ಹನ್ನೆರಡು ನನಗೆ ತುಂಬಾ ಪ್ರೀತಿಯ ಹೊತ್ತು. ಹುಂಜ ಕೂಗು ನಿಲ್ಲಿಸಿತು ಅಂತ ಎದ್ದುಬಿಡಬೇಡಿ, ಬರುವಾಗ ಎಷ್ಟೋ ಸಲ ಸದ್ದಿಲ್ಲದೆ ಬರುತ್ತೆ. ಇನ್ನೂ ನಲವತ್ತು ನಿಮಿಷ ಕೂತುಬಿಡಿ.

ಟರ್ಕಿಗೆ ಮೂಗು ಅಷ್ಟಕ್ಕಷ್ಟೆ. ಹಾಗಾಗಿ ಪಟ್ಟಿಯಲ್ಲಿರೋ ವಾಸನೆ ಮುಚ್ಚೋ ಸ್ಪ್ರೇ ಹೊಡೆದುಹಾಕಿ, ಅದು ಜಿಂಕೆಗೆ. ಕಣ್ಣು ಮಾತ್ರ ಭಯಂಕರ. ದುಬಾರಿ ಕ್ಯಾಮೊ (ಕಾಡಿನ ಬಣ್ಣದಲ್ಲಿ ಮರೆಮಾಚೋ ಬಟ್ಟೆ) ಹಾಕಿ ಕೈ ಆಡಿಸೋದಕ್ಕಿಂತ ಹಳೇ ಹಸಿರು ಜಾಕೆಟ್ ಹಾಕಿ ಅಲ್ಲಾಡದೆ ಕೂರೋದು ಮೇಲು. ಮುಖಕ್ಕೂ ಕೈಗೂ ಮುಚ್ಚಿಗೆ ಇರಲಿ. ನಾಲ್ಕು ಬಗೆಯ ಕಾಲ್ ಬರೆದಿದ್ದೀರಿ, ಒಂದು ಬಾಕ್ಸ್ ಕಾಲ್, ಒಂದು ಸ್ಲೇಟ್ ಸಾಕು. ಉಳಿದ ದುಡ್ಡಿಗೆ ಒಳ್ಳೇ ಕೂರೋ ದಿಂಬು ತಗೊಳ್ಳಿ, ಸುಮ್ನೆ ಕೂರೋ ತಾಕತ್ತು ಅಲ್ಲಿಂದ ಬರುತ್ತೆ. ಮೇ ತಿಂಗಳಲ್ಲೂ ಅಲ್ಲಿ ಹಿಮ ಬೀಳುತ್ತೆ, ಬೆಚ್ಚನೆ ಬಟ್ಟೆ ಬಿಡಬೇಡಿ.

ಹೊಸ ಕೋವಿಯೂ ಬೇಡ. ಇರೋ 12 ಗೇಜಿಗೆ ಟರ್ಕಿ ಚೋಕ್ ಹಾಕಿ, ನೀವು ಒಯ್ಯೋ ತೋಟಾದಲ್ಲೇ ದೊಡ್ಡ ಹಾಳೆಯ ಮೇಲೆ 20, 30, 40 ಗಜಕ್ಕೆ ಹೊಡೆದು ನೋಡಿ. 10 ಇಂಚಿನ ವೃತ್ತದೊಳಗೆ ನೂರು ಪೆಲೆಟ್ (ತೋಟಾದೊಳಗಿನ ಚರೆ) ಬೀಳೋ ದೂರ ಎಷ್ಟೋ ಅಷ್ಟೇ ನಿಮ್ಮ ಮಿತಿ, ಗೆಳೆಯ ಏನೇ ಅನ್ನಲಿ. ಗುರಿ ತಲೆ ಮತ್ತು ಕತ್ತಿಗೆ, ದೇಹಕ್ಕಲ್ಲ. ಟಂಗ್‌ಸ್ಟನ್ ತೋಟಾ ಸೀಸಕ್ಕಿಂತ ಭಾರ, ಸಣ್ಣ ಪೆಲೆಟ್‌ನಲ್ಲೂ ದೂರ ಹೋಗುತ್ತೆ ಅನ್ನೋದು ನಿಜ. ಒಂದಕ್ಕೆ ಹತ್ತು ಡಾಲರ್ ಮೇಲೆ. ಅದರ ಅಪಾಯ ಏನಂದರೆ ಜನ ಅರವತ್ತು ಗಜಕ್ಕೆ ಹೊಡೆಯೋಕೆ ಧೈರ್ಯ ಮಾಡುತ್ತಾರೆ, ಗಾಯಗೊಂಡ ಹಕ್ಕಿ ಕಾಡಿನಲ್ಲಿ ಎಲ್ಲೋ ಸಾಯುತ್ತೆ.

ಈಗ ನಾನು ಸ್ವಲ್ಪ ಗಟ್ಟಿಯಾಗಿ ಹೇಳೋ ವಿಷಯ. ಟರ್ಕಿ ಶಿಕಾರಿಯಲ್ಲಿ ಮನುಷ್ಯರಿಗೆ ಗುಂಡು ಬೀಳೋದು, ಒಬ್ಬ ಶಿಕಾರಿ ಇನ್ನೊಬ್ಬನನ್ನು ಹಕ್ಕಿ ಅಂದುಕೊಂಡಾಗ. ನೀವು ಹೇಂಟೆ ಥರ ಕೂಗುತ್ತಿದ್ದೀರಿ, ಮೈತುಂಬಾ ಕ್ಯಾಮೊ, ಮುಂದೆ ಹುಂಜವನ್ನು ಸೆಳೆಯೋಕೆ ಇಟ್ಟ ಪ್ಲಾಸ್ಟಿಕ್ ಟರ್ಕಿ. ಗುಡ್ಡದಾಚೆಯವನಿಗೆ ಏನು ಗೊತ್ತು? ನನ್ನ ಕರೆಗೆ ಒಂದು ಸಲ ಹುಂಜದ ಬದಲು ಕೋವಿ ಹಿಡಿದ ಮನುಷ್ಯ ಬಗ್ಗಿ ಬಗ್ಗಿ ಬಂದ. ಕೈ ಬೀಸಲಿಲ್ಲ, ಅಲ್ಲಾಡಿದರೆ ಹಕ್ಕಿ ಅಂದುಕೊಂಡುಬಿಡುತ್ತಾನೆ. ಕೂತಲ್ಲಿಂದಲೇ ಜೋರಾಗಿ ಕೂಗಿದೆ, ಅವನ ಮುಖ ಬಿಳುಚಿತು. ಹುಂಜದ ತಲೆಯ ಬಣ್ಣ ಕೆಂಪು, ಬಿಳಿ, ನೀಲಿ. ಈ ಮೂರೂ ಬಣ್ಣ ಮೈಮೇಲೆ ಎಲ್ಲೂ ಬೇಡ, ಕಾಲುಚೀಲ, ಕರವಸ್ತ್ರ, ಒಳಗಿನ ಟೀ ಶರ್ಟ್ ಕೂಡ. ನಿಮ್ಮ ಭುಜಕ್ಕಿಂತ ಅಗಲದ ಮರಕ್ಕೆ ಒರಗಿ ಕೂರಿ. ನಡೆಯುವಾಗ, ಹಕ್ಕಿಯನ್ನು ಹೊತ್ತು ಬರುವಾಗ ಕಿತ್ತಳೆ ಟೋಪಿ. ಕೂಗು ಕೇಳಿದ ಕಡೆ ತೆವಳಿಕೊಂಡು ಹೋಗಬೇಡಿ. ಟರ್ಕಿ ಬಾಲವನ್ನು ಮುಖಕ್ಕೆ ಅಡ್ಡ ಹಿಡಿದು ಹುಂಜದ ಹತ್ತಿರ ಸರಿಯೋ ವಿಡಿಯೋಗಳನ್ನು ನಿಮ್ಮ ಗೆಳೆಯ ತೋರಿಸಿರಬಹುದು, ಸಾರ್ವಜನಿಕ ಕಾಡಿನಲ್ಲಿ ಅದು ಆತ್ಮಹತ್ಯೆ. ಇಬ್ಬರೂ ಬೇರೆ ಬೇರೆ ಕಣಿವೆಗೆ ಹೋಗುವುದಾದರೆ ಯಾರು ಎಲ್ಲಿ ಅಂತ ಮ್ಯಾಪ್‌ನಲ್ಲಿ ಗುರುತು ಮಾಡಿಕೊಂಡು ಹೋಗಿ, ಮನಸ್ಸು ಬದಲಾಯಿಸಬೇಡಿ.

ಅಲ್ಲಿ ರಕ್ತ ಹೀರೋ ಉಣ್ಣಿ ಉಂಟು, ನಮ್ಮ ಮಲೆನಾಡಿನ ಉಣ್ಣಿಯ ಅಣ್ಣ. ಬಟ್ಟೆಗೆ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಹೊಡೆದು ಒಣಗಿಸಿಕೊಂಡು ಹೋಗಿ, ರಾತ್ರಿ ಮೈ ಪರೀಕ್ಷೆ ಮಾಡಿಕೊಳ್ಳಿ. ಬಿಸಿಲಿನ ಕಲ್ಲುಗಳ ಹತ್ತಿರ ಕೂರುವ ಮುಂಚೆ ಹಾವು ಇದೆಯಾ ನೋಡಿ, ಅಲ್ಲಿ ರ‍್ಯಾಟಲ್‌ಸ್ನೇಕ್ ಇದೆ.

ಹಕ್ಕಿ ಸಿಕ್ಕರೆ ಮೊದಲ ಕೆಲಸ ಫೋಟೋ ಅಲ್ಲ, ಲೈಸೆನ್ಸ್ ಜೊತೆ ಬರೋ ಟ್ಯಾಗ್ ಹಾಕೋದು. ಹುಂಜ ಅನ್ನೋದಕ್ಕೆ ಸಾಕ್ಷಿಯಾಗಿ ಎದೆಯ ಗಡ್ಡದಂಥ ಭಾಗ ಮನೆ ತಲುಪೋವರೆಗೂ ಮಾಂಸದ ಜೊತೆಗೇ ಇರಲಿ, ದಾರಿಯಲ್ಲಿ ಅಧಿಕಾರಿ ಕೇಳಬಹುದು. ಬೇಗ ಸ್ವಚ್ಛ ಮಾಡಿ ಐಸ್ ಪೆಟ್ಟಿಗೆಗೆ ಹಾಕಿ. ಎದೆ ಮಾಂಸ ಮಾತ್ರ ತೆಗೆದು ಕಾಲು ಎಸೆಯೋ ಅಭ್ಯಾಸ ಇಲ್ಲಿ ಜಾಸ್ತಿ, ಕಾಲು ಗಟ್ಟಿ ಅಂತ. ಅವರ ಮನೆಯಲ್ಲಿ ಕುಕ್ಕರ್ ಇಲ್ಲ, ಪಾಪ. ನಿಮ್ಮ ಮನೆಯಲ್ಲಿ ಕುಕ್ಕರೂ ಇದೆ, ಊರಿಂದ ತಂದ ಕಾಚಂಪುಳಿಯೂ (ಕೊಡಗಿನ ಕಪ್ಪು ಹುಳಿ) ಇರುತ್ತೆ. ಪೆಲೆಟ್ ಉಳಿದಿದೆಯಾ ಅಂತ ಬೆರಳಾಡಿಸಿ ನೋಡಿ, ಕಾಲಿನ ಒಳಗಿರೋ ಎಲುಬಿನಂಥ ಗಟ್ಟಿ ನರಗಳನ್ನು ಎಳೆದುಹಾಕಿ, ಪಂದಿ ಕರಿಗೆ ಹುರಿಯೋ ಮಸಾಲೆಯನ್ನೇ ಹಾಕಿ ಬೇಯಿಸಿ. ನಮ್ಮ ಕುಕ್ಕರಿನಲ್ಲಿ ಹುಂಜದ ಕಾಲಿಗೆ ಏಳೆಂಟು ವಿಷಲ್ ಬೇಕಾಗುತ್ತೆ, ಎಳೇದಾದರೆ ಐದು.